ಕಾಲುವೆಗಳ ನಗರದಲ್ಲಿ ಮಾರ್ಗದರ್ಶಿಯ ಹಿಂದೆ
(ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯರನ್ನು ವೇದಿಕೆಗೆ ಕರೆದರೆ ಅವರು ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಆರಂಭಿಸಿ ಮುಂದೆ ಬರಲಿರುವ ಊಟದ ರುಚಿಯನ್ನು ಕೆಡಿಸುತ್ತಾರೆಂಬ ದೂರು ಎಲ್ಲ ಕೂಟಗಳಲ್ಲೂ ಇದೆ. ಹಾಗಾಗಿ ಸಮಿತಿಯವರು ಬೇರೊಂದು ವಿಷಯವನ್ನು ಕೇಳಿದಾಗ ನಮಗೂ ಸಮಾಧಾನವಾಯಿತು. ಬೇಸಗೆಯ ರಜೆಯಲ್ಲಿ ನಮ್ಮ ಅನೇಕ ಕುಟುಂಬಗಳು ಊರಿಂದ ಬಂದ ತಂದೆತಾಯಿಗಳನ್ನೂ ಕರೆದುಕೊಂಡು ಯೂರೋಪಿನ ಪ್ರವಾಸ ಕೈಗೊಳ್ಳುತ್ತವೆ. ಆ ಪ್ರವಾಸಗಳ ಪಟ್ಟಿಯಲ್ಲಿ ವೆನಿಸ್ ಇದ್ದೇ ಇರುತ್ತದೆ. ಅಲ್ಲಿ ಮಾರ್ಗದರ್ಶಿಯ ಜೊತೆಯಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು, ನಮ್ಮ ಭೇಟಿಯಿಂದ ಆ ಊರಿಗೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದಿಡುತ್ತೇವೆ.

ನಾವು ದಂಪತಿಗಳು ಈ ನಗರಕ್ಕೆ ಎರಡು ಬಾರಿ ಹೋಗಿದ್ದೇವೆ. ಮೊದಲನೆಯದು ಬಸ್ಸಿನ ಪ್ರವಾಸ. ಹದಿನಾಲ್ಕು ದಿನಗಳಲ್ಲಿ ಎಂಟು ದೇಶಗಳು; ವೆನಿಸ್ಸಿನ ಪಾಲಿಗೆ ಬಂದದ್ದು ಐದು ಗಂಟೆ. ಎತ್ತಿ ಹಿಡಿದ ಕೆಂಪು ಕೊಡೆಯೊಂದರ ಹಿಂದೆ ನಲವತ್ತೆಂಟು ಜನ ನಡೆದೆವು. ಸಂತ ಮಾರ್ಕನ ಚೌಕ, ಗಾಜಿನ ಅಂಗಡಿ, ರಿಯಾಲ್ಟೊ ಸೇತುವೆಯ ಮೇಲೆ ಒಂದು ಫೋಟೊ, ಮತ್ತೆ ಬಸ್ಸು. ಎರಡನೆಯ ಬಾರಿ ಎಂಬತ್ತು ದಾಟಿದ ನಮ್ಮ ಅತ್ತೆಯವರನ್ನು ಕರೆದುಕೊಂಡು ನಾಲ್ಕು ದಿನ ಅಲ್ಲಿಯೇ ತಂಗಿದೆವು. ಪರವಾನಗಿ ಪಡೆದ ಸ್ಥಳೀಯ ಮಾರ್ಗದರ್ಶಿಯೊಬ್ಬರು ದಿನಕ್ಕೆರಡು ಗಂಟೆ ನಮ್ಮೊಡನೆ ಇದ್ದರು. ಇಂದು ಹೇಳುವುದೆಲ್ಲ ಬಹುಪಾಲು ಆ ನಾಲ್ಕು ದಿನಗಳ ಫಲ.

ಆಡ್ರಿಯಾಟಿಕ್ ಕಡಲಿಗೂ ಇಟಲಿಯ ನೆಲಕ್ಕೂ ನಡುವಿನ ಆಳವಿಲ್ಲದ ಹಿನ್ನೀರಿನಲ್ಲಿ, ನೂರಕ್ಕೂ ಹೆಚ್ಚು ಕಿರುದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಜೋಡಿಸಿ ಕಟ್ಟಿದ ಊರು ವೆನಿಸ್. ಕೆಸರಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆದು, ಅವುಗಳ ಮೇಲೆ ಹಲಗೆ ಹಾಸಿ, ಇಸ್ತ್ರಿಯಾ ಪ್ರಾಂತದ ಗಟ್ಟಿಯಾದ ಬಿಳಿಯ ಕಲ್ಲನ್ನಿಟ್ಟು, ಆಮೇಲೆ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಗಾಳಿ ಸುಳಿಯದ ಕೆಸರಿನಲ್ಲಿ ಮರ ಕೊಳೆಯುವುದು ಬಹಳ ನಿಧಾನ. ಆದುದರಿಂದಲೇ ಶತಮಾನಗಳ ಹಿಂದಿನ ಗೂಟಗಳು ಇಂದಿಗೂ ಅರಮನೆಗಳ ಭಾರವನ್ನು ಹೊತ್ತಿವೆ.

ಈ ಊರಿನ ಅನೇಕ ಮನೆಗಳ ಮುಂಬಾಗಿಲು ಇರುವುದು ನೀರಿನ ಕಡೆಗೆ. ನಾವು ಓಣಿಗಳಲ್ಲಿ ನಡೆಯುವಾಗ ಕಾಣುವುದು ಅವುಗಳ ಹಿತ್ತಿಲು. ಇದನ್ನು ಮಾರ್ಗದರ್ಶಿ ಹೇಳುವವರೆಗೆ ನಮಗೆ ಹೊಳೆದಿರಲಿಲ್ಲ. ಆದುದರಿಂದ ಮೊದಲ ದಿನವೇ ಒಂದನೆಯ ಸಂಖ್ಯೆಯ ಸಾರ್ವಜನಿಕ ದೋಣಿಯನ್ನು ಹತ್ತಿ, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಮಹಾಕಾಲುವೆಯನ್ನು ಕೊನೆಯವರೆಗೆ ನೋಡಿಬಿಡುವುದು ಉತ್ತಮ. ಈ ದೋಣಿಗೆ ವಾಪೊರೆಟ್ಟೊ ಎಂದು ಹೆಸರು. ನಮ್ಮೂರಿನ ಸಿಟಿ ಬಸ್ಸಿನಂತೆ ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತದೆ. ರಿಯಾಲ್ಟೊದ ಕಲ್ಲಿನ ಸೇತುವೆ 1588ರಿಂದ 1591ರ ಅವಧಿಯಲ್ಲಿ ಕಟ್ಟಿದ್ದು. 1854ರವರೆಗೂ ಮಹಾಕಾಲುವೆಯನ್ನು ನಡೆದು ದಾಟಲು ಅದೊಂದೇ ಸೇತುವೆ ಇತ್ತು.

ಗೊಂಡೋಲಾ ಎಂಬ ಕಪ್ಪು ದೋಣಿಯನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿದ್ದೀರಿ. ಸುಮಾರು ಹನ್ನೊಂದು ಮೀಟರ್ ಉದ್ದದ ಅದನ್ನು ಎಂಟು ಬಗೆಯ ಮರದ 280 ತುಂಡುಗಳಿಂದ ಮಾಡುತ್ತಾರೆ. ಅಂಬಿಗನು ಒಂದೇ ಹುಟ್ಟನ್ನು ಬಲಗಡೆಯಲ್ಲಿ ಹಾಕುತ್ತಾನೆ. ದೋಣಿ ಒಂದು ಕಡೆಗೆ ತಿರುಗದಿರಲೆಂದು ಅದರ ಎಡಮಗ್ಗುಲನ್ನು ಬಲಕ್ಕಿಂತ ಅಗಲವಾಗಿ, ಡೊಂಕಾಗಿಯೇ ಕಟ್ಟುತ್ತಾರೆ. 2023ರ ನವೆಂಬರಿನಲ್ಲಿ ಹಗಲಿನ ಅರ್ಧ ಗಂಟೆಯ ಅಧಿಕೃತ ದರ 90 ಯೂರೋ ಆಯಿತು. ಅದು ಇಡೀ ದೋಣಿಯ ದರ, ತಲೆಗೆ ಅಲ್ಲ. ಇಷ್ಟನ್ನು ತಿಳಿದುಕೊಂಡರೆ ಚೌಕಾಸಿಯಲ್ಲಿ ಅರ್ಧ ದಿನ ಕಳೆಯುವುದು ತಪ್ಪುತ್ತದೆ. ಖರ್ಚು ಬೇಡವೆನ್ನುವವರು ಮಹಾಕಾಲುವೆಯನ್ನು ಅಡ್ಡಲಾಗಿ ದಾಟಿಸುವ ಕಡವಿನ ದೋಣಿಯನ್ನು ಅಲ್ಪ ದರದಲ್ಲಿ ಹತ್ತಬಹುದು.

ಇನ್ನು ನಮ್ಮ ವೃತ್ತಿಗೆ ಸಂಬಂಧಿಸಿದ ಮಾತು. ವೆನಿಸ್ಸಿನ ಅನೇಕ ಚೌಕಗಳ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ಬಸ್ಸಿನ ಪ್ರವಾಸದಲ್ಲಿ ಅದರ ಮೇಲೆ ಚೀಲವಿಟ್ಟು ದಣಿವಾರಿಸಿಕೊಂಡಿದ್ದಷ್ಟೇ. ಉಪ್ಪುನೀರಿನ ನಡುವೆ ಬಾವಿ ಹೇಗೆ ಸಾಧ್ಯ? ವಾಸ್ತವವಾಗಿ ಅದು ಮಳೆನೀರಿನ ತೊಟ್ಟಿ. ಚೌಕದ ಕಲ್ಲುಹಾಸಿನ ರಂಧ್ರಗಳಿಂದ ಇಳಿದ ನೀರು ಮರಳಿನಲ್ಲಿ ಸೋಸಿ ನಡುವಿನ ಕೊಳವೆಗೆ ಬರುತ್ತಿತ್ತು. ಸುತ್ತಲೂ ಜೇಡಿಯ ಪದರವಿಟ್ಟು ಉಪ್ಪುನೀರನ್ನು ತಡೆದಿದ್ದರು. 1884ರಲ್ಲಿ ನೆಲದಿಂದ ಕೊಳಾಯಿ ನೀರು ಬರುವವರೆಗೆ ಊರು ಬದುಕಿದ್ದು ಮುಖ್ಯವಾಗಿ ಇದರಿಂದ. ಮಳೆನೀರಿನ ಕೊಯ್ಲಿನ ಬಗ್ಗೆ ಇಂದು ಬೆಂಗಳೂರಿನಲ್ಲಿ ನಡೆಯುವ ಚರ್ಚೆಗಳನ್ನು ಕೇಳಿದವರಿಗೆ ಈ ಕಟ್ಟೆಗಳು ಬೇರೆಯಾಗಿಯೇ ಕಾಣುತ್ತವೆ.

ಕ್ವಾರಂಟೈನ್ ಎಂಬ ಪದದ ಅರ್ಥವನ್ನು 2020ರಲ್ಲಿ ಮನೆಮನೆಯ ಮಕ್ಕಳೂ ಕಲಿತರು. ನಲವತ್ತು ಎಂಬ ಇಟಲಿಯ ಪದವೇ ಅದರ ಮೂಲ. ಪ್ಲೇಗಿನ ಊರುಗಳಿಂದ ಬಂದವರನ್ನು ಮೂವತ್ತು ದಿನ ದೂರವಿಡುವ ಕಟ್ಟಳೆಯನ್ನು 1377ರಲ್ಲಿ ಮಾಡಿದ್ದು ಆಚೆ ದಡದ ರಗೂಸಾ ನಗರ, ಅಂದರೆ ಇಂದಿನ ದುಬ್ರೋವ್ನಿಕ್. ವೆನಿಸ್ 1423ರಲ್ಲಿ ಒಂದು ದ್ವೀಪವನ್ನು ಪ್ಲೇಗಿನ ರೋಗಿಗಳಿಗೆಂದೇ ಆಸ್ಪತ್ರೆಯಾಗಿಸಿತು. 1468ರಲ್ಲಿ ಮತ್ತೊಂದು ದ್ವೀಪವನ್ನು, ಶಂಕೆಯಿರುವ ಹಡಗುಗಳ ಜನರನ್ನೂ ಸರಕನ್ನೂ ತಡೆದಿಡಲು ಗೊತ್ತುಪಡಿಸಿತು. ರೋಗಿಗಳು ಒಂದೆಡೆ, ಶಂಕಿತರು ಇನ್ನೊಂದೆಡೆ. ಸೂಕ್ಷ್ಮಾಣುಗಳ ಅರಿವೇ ಇಲ್ಲದ ಕಾಲದಲ್ಲಿ ಈ ವಿವೇಕವನ್ನು ಆಡಳಿತಗಾರರು ತೋರಿದರೆಂಬುದು ನಮಗೆ ಅಚ್ಚರಿಯ ಸಂಗತಿ. ಹೊಸ ಲಾಜರೆಟ್ಟೊ ಎಂಬ ಆ ಎರಡನೆಯ ದ್ವೀಪವನ್ನು ಮಾರ್ಗದರ್ಶಿಯೊಡನೆ ನೋಡಬಹುದು. ಅಲ್ಲಿನ ಉಗ್ರಾಣದ ಗೋಡೆಗಳ ಮೇಲೆ ಹಿಂದಿನವರು ಗೀಚಿದ ಬರಹಗಳು ಉಳಿದಿವೆ.

ಆದರೂ ರೋಗ ಬಂದೇ ಬಂದಿತು. 1575ರಿಂದ 1577ರವರೆಗಿನ ಪ್ಲೇಗಿನಲ್ಲಿ ನಗರದ ಕಾಲುಭಾಗದಷ್ಟು ಜನ ಸತ್ತರು. ಅದು ಶಮನವಾಗಲೆಂದು ಹರಕೆಯಾಗಿ ಕಟ್ಟಿಸಿದ್ದು ವಾಸ್ತುಶಿಲ್ಪಿ ಪಲ್ಲಾಡಿಯೊನ ರೆದೆಂತೋರೆ ಚರ್ಚು. 1630ರ ಪ್ಲೇಗಿನ ಹರಕೆ ಮಹಾಕಾಲುವೆಯ ಬಾಯಲ್ಲಿರುವ ಸಲೂತೆ ಚರ್ಚು. ಸಲೂತೆ ಎಂದರೆ ಆರೋಗ್ಯ. ಪ್ರತಿ ವರ್ಷ ನವೆಂಬರ್ 21ರಂದು ಊರಿನವರು ಇಂದಿಗೂ ಅಲ್ಲಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ಇದನ್ನು ಕೇಳಿದ ಅತ್ತೆಯವರು, “ನಮ್ಮ ಪ್ಲೇಗಿನಮ್ಮನ ಗುಡಿಯ ಹಾಗೆ!” ಎಂದರು. 1898ರ ಪ್ಲೇಗಿನ ತರುವಾಯ ಬೆಂಗಳೂರು ಕಂಡ ಮಾರಮ್ಮನ ಗುಡಿಗಳನ್ನೂ, ಹೊಸದಾಗಿ ಬೆಳೆದ ಬಸವನಗುಡಿ ಮಲ್ಲೇಶ್ವರಗಳನ್ನೂ ಬಲ್ಲವರಿಗೆ ಅವರ ಮಾತು ಸರಿಯೆನಿಸುತ್ತದೆ. ಮಾರ್ಗದರ್ಶಿ ಆ ಗುಡಿಗಳ ವಿಷಯವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಸಂತ ಮಾರ್ಕನ ಹೆಸರಿನ ಹಳೆಯ ಧಾರ್ಮಿಕ ಸಂಘವೊಂದರ ಭವ್ಯ ಸಭಾಭವನ 19ನೆಯ ಶತಮಾನದಿಂದ ನಗರದ ಆಸ್ಪತ್ರೆಯ ಭಾಗವಾಗಿದೆ. ಅಮೃತಶಿಲೆಯ ಮುಂಗೋಡೆಯ ಹಿಂದೆ ಹೊರರೋಗಿಗಳು ಚೀಟಿ ಹಿಡಿದು ಕಾದಿರುತ್ತಾರೆ. ಆಂಬುಲೆನ್ಸ್ ದೋಣಿಗಳು ಕಾಲುವೆಯಿಂದ ರೋಗಿಗಳನ್ನು ತರುತ್ತವೆ. ಇಲ್ಲಿಗೆ ಸಮೀಪದ ಪಾದುವಾ ನಗರ ಹಿಂದೆ ವೆನಿಸ್ ಗಣರಾಜ್ಯಕ್ಕೆ ಸೇರಿತ್ತು. ರಕ್ತಪರಿಚಲನೆಯನ್ನು ತೋರಿಸಿಕೊಟ್ಟ ವಿಲಿಯಂ ಹಾರ್ವೆ 1602ರಲ್ಲಿ ವೈದ್ಯ ಪದವಿ ಪಡೆದದ್ದು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ. 1590ರ ದಶಕದಲ್ಲಿ ಕಟ್ಟಿದ ಮರದ ಶವಚ್ಛೇದನ ಮಂದಿರ ಇಂದಿಗೂ ಅಲ್ಲಿದೆ. ಬ್ರೆಂತಾ ಕಾಲುವೆಯ ಮೇಲೆ, ದಡದ ಹಳೆಯ ಬಂಗಲೆಗಳನ್ನು ತೋರಿಸುತ್ತ ವೆನಿಸ್ಸಿನಿಂದ ಪಾದುವಾಕ್ಕೆ ಕರೆದೊಯ್ಯುವ ದೋಣಿಪ್ರವಾಸವೂ ಉಂಟು. ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳಿಗೆ ಇದನ್ನು ತೋರಿಸಬೇಕು.

ಬಂಧುಗಳೆ, ಇಷ್ಟರವರೆಗೆ ಹೇಳಿದ್ದು ನೋಡುವ ಸಂಗತಿ. ಇನ್ನು ಹೇಳುವುದು ಯೋಚಿಸುವ ಸಂಗತಿ.

ವೆನಿಸ್ಸಿನ ಉತ್ತರಕ್ಕೆ ತೊರ್ಚೆಲ್ಲೊ ಎಂಬ ದ್ವೀಪವಿದೆ. ವೆನಿಸ್ಸಿಗಿಂತ ಮೊದಲೇ ಸಮೃದ್ಧವಾಗಿದ್ದ ಊರದು. ಹೂಳು ತುಂಬಿ, ಮಲೇರಿಯಾ ಹರಡಿ, ಜನ ಒಬ್ಬೊಬ್ಬರಾಗಿ ಹೊರಟುಹೋದರು. ಇಂದು ಅಲ್ಲಿ ಪುರಾತನ ಚರ್ಚೊಂದು, ಬೆರಳೆಣಿಕೆಯ ನಿವಾಸಿಗಳು, ಉಳಿದಂತೆ ಹುಲ್ಲು. ವೆನಿಸ್ಸಿನಲ್ಲಿ ಈಗ ಜನ ಖಾಲಿಯಾಗುತ್ತಿರುವುದು ಮಲೇರಿಯಾದಿಂದಲ್ಲ. 1951ರಲ್ಲಿ ಈ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು, ದಿನಸಿ ಅಂಗಡಿಗಳಲ್ಲಿ ಮುಖವಾಡಗಳು ಮಾರಾಟಕ್ಕೆ ಬಂದವು, ಯುವಕರು ಅಗ್ಗದ ಮನೆ ಮತ್ತು ಉದ್ಯೋಗ ಹುಡುಕಿಕೊಂಡು ಎದುರಿನ ನೆಲಕ್ಕೆ ಹೋದರು. ರಿಯಾಲ್ಟೊದ ಬಳಿಯ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ, ಊರಿನಲ್ಲಿ ಉಳಿದವರ ಸಂಖ್ಯೆಯನ್ನು ತೋರಿಸುವ ಫಲಕವನ್ನು 2008ರಲ್ಲಿ ಇಟ್ಟರು. ಮರುವರ್ಷ ಸಂಖ್ಯೆ 60,000ಕ್ಕಿಂತ ಇಳಿದಾಗ ಊರಿನವರು ದೋಣಿಗಳ ಮೆರವಣಿಗೆಯಲ್ಲಿ ವೆನಿಸ್ಸಿನ ಅಣಕು ಶವಯಾತ್ರೆಯನ್ನೇ ನಡೆಸಿದರು. ನಾವು ಆಸ್ಪತ್ರೆಗಳಲ್ಲಿ ಅನೇಕ ಬಗೆಯ ನಾಡಿಯ ಅಂಕಿಗಳನ್ನು ಓದಿದ್ದೇವೆ. ಒಂದು ಊರಿನ ನಾಡಿಯನ್ನು ಔಷಧಿ ಅಂಗಡಿಯಲ್ಲಿ ಓದಿದ್ದು ಇದೇ ಮೊದಲು.

ನೀರಿನ ಅಪಾಯಕ್ಕೆ ಅವರು ಒಂದು ಮದ್ದು ಕಂಡುಕೊಂಡರು. 1966ರ ನವೆಂಬರ್ 4ರಂದು ಉಬ್ಬರ 194 ಸೆಂಟಿಮೀಟರಿಗೆ, 2019ರ ನವೆಂಬರ್ 12ರಂದು 187 ಸೆಂಟಿಮೀಟರಿಗೆ ಏರಿತ್ತು. ಹಿನ್ನೀರಿನ ಮೂರು ಅಳಿವೆಗಳಲ್ಲಿ ನಿಲ್ಲಿಸಿರುವ 78 ಉಕ್ಕಿನ ಬಾಗಿಲುಗಳು 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಎದ್ದು ಉಬ್ಬರವನ್ನು ತಡೆದವು. ಜನರ ಉಬ್ಬರವನ್ನು ತಡೆಯುವುದು ಹೆಚ್ಚು ಕಷ್ಟ. 2021ರ ಆಗಸ್ಟ್‌ನಲ್ಲಿ ದೊಡ್ಡ ವಿಹಾರ ಹಡಗುಗಳು ಸಂತ ಮಾರ್ಕನ ಚೌಕದೆದುರು ಹಾಯುವುದನ್ನು ನಿಷೇಧಿಸಿದರು. 2024ರ ಏಪ್ರಿಲ್ 25ರಿಂದ, ಜನಜಂಗುಳಿಯ ಕೆಲವು ದಿನಗಳಂದು ಹಗಲಿಗಷ್ಟೇ ಬಂದುಹೋಗುವವರಿಂದ 5 ಯೂರೋ ಶುಲ್ಕ ಪಡೆಯುವ ಪ್ರಯೋಗ ಮಾಡಿದರು. ರಾತ್ರಿ ಊರಲ್ಲೇ ತಂಗುವವರು ಅದನ್ನು ಕೊಡಬೇಕಿರಲಿಲ್ಲ. ಅದೇ ವರ್ಷ ಮಾರ್ಗದರ್ಶಿಯ ಹಿಂದೆ 25ಕ್ಕಿಂತ ಹೆಚ್ಚು ಜನ ಹೋಗಬಾರದು, ಧ್ವನಿವರ್ಧಕ ಬಳಸಬಾರದು ಎಂಬ ಕಟ್ಟಳೆಯೂ ಬಂದಿತು. ನಮ್ಮ ಕೆಂಪು ಕೊಡೆಯ ಹಿಂದಿದ್ದ ನಲವತ್ತೆಂಟು ಜನರಿಗೆ ಅಲ್ಲಿ ಈಗ ಅವಕಾಶವಿಲ್ಲ. ಅದು ಸರಿಯೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಹೋಗಲೇಬಾರದೆ? ನಾವು ಹಾಗೆ ಹೇಳುವುದಿಲ್ಲ. ಪ್ರವಾಸಿಗರಿಲ್ಲದೆ ಆ ಊರಿನ ಬಹಳ ಮನೆಗಳಲ್ಲಿ ಒಲೆ ಉರಿಯದು. ಆದರೆ ಹೋಗುವ ಬಗೆಯಲ್ಲಿ ವ್ಯತ್ಯಾಸವಿದೆ. ಕನಿಷ್ಠ ಎರಡು ರಾತ್ರಿ ಊರಿನೊಳಗೇ ತಂಗಿರಿ. ಪರವಾನಗಿಯುಳ್ಳ ಸ್ಥಳೀಯ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ. ಎರಡು ಮೂರು ಕುಟುಂಬಗಳು ಸೇರಿದರೆ ಖರ್ಚು ಭಾರವಾಗದು. ಗಾಜಿನ ಕಾರ್ಖಾನೆಗೆ ಪುಕ್ಕಟೆ ದೋಣಿ ಎಂದು ಕರೆಯುವವರ ಬಗ್ಗೆ ಎಚ್ಚರವಿರಲಿ. ದೋಣಿಯ ಬಾಡಿಗೆ ಹೂಜಿಯ ಬೆಲೆಯಲ್ಲಿ ಸೇರಿರುತ್ತದೆ. ಹಿರಿಯರಿದ್ದರೆ ಒಂದು ಮಾತು: ಸೇತುವೆಗಳೆಂದರೆ ಮೆಟ್ಟಿಲುಗಳು. ಮೊಣಕಾಲು ನೋವಿರುವವರಿಗೆ ದಿನಕ್ಕೆ ಐದಾರು ಸೇತುವೆ ಸಾಕು, ಉಳಿದದ್ದನ್ನು ದೋಣಿಯಿಂದ ನೋಡಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಬಾಟಲಿಯನ್ನು ಬೀದಿಯ ನಲ್ಲಿಗಳಲ್ಲಿ ತುಂಬಿಸಿಕೊಳ್ಳಿ, ಆ ನೀರು ಶುದ್ಧವಾದುದು. ತುರ್ತು ಕರೆಯ ಸಂಖ್ಯೆ 112. ಸಂತ ಮಾರ್ಕನ ಚೌಕದಲ್ಲಿ ನೆಲದ ಮೇಲೆ ಕುಳಿತು ಪುಳಿಯೋಗರೆಯ ಪೊಟ್ಟಣ ಬಿಚ್ಚುವುದು ಮಾತ್ರ ಬೇಡ, ಅದಕ್ಕೆ ದಂಡವಿದೆ!

ಕೊನೆಯದಾಗಿ ಇನ್ನೊಂದು ವಿಚಾರ. ವೆನಿಸ್ ಗಣರಾಜ್ಯದ ವ್ಯಾಪಾರಿ ನಿಕೊಲೊ ಕೊಂತಿ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದನು. ಆ ಮಹಾನಗರದ ಕೋಟೆ, ಉತ್ಸವಗಳ ವರ್ಣನೆ ಅವನಿಂದ ಯೂರೋಪಿಗೆ ತಲುಪಿತು. ಅವನು ಕಂಡ ನಗರ ಹಾಳಾಗಿ ಇಂದು ನಾವು ಮಾರ್ಗದರ್ಶಿಯ ಹಿಂದೆ ಹಂಪಿಯ ಕಲ್ಲುಗಳನ್ನು ನೋಡುತ್ತೇವೆ. ಅವನು ಹೊರಟುಬಂದ ನಗರ ಇನ್ನೂ ಉಸಿರಾಡುತ್ತಿದೆ. ಒಂದು ಊರು ಉಳಿಯುವುದು ಕಲ್ಲುಗಳಿಂದಷ್ಟೇ ಅಲ್ಲ, ಅಲ್ಲಿ ಸೊಪ್ಪು ಕೊಳ್ಳುವವರಿಂದ, ಶಾಲೆಗೆ ಹೋಗುವ ಮಕ್ಕಳಿಂದ. ವೆನಿಸ್ಸನ್ನು ಬಿಟ್ಟುಹೋದ ಯುವಕರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಊರು ಬಿಟ್ಟವರೇ ನಾವೆಲ್ಲ. ನಮ್ಮ ಹಳ್ಳಿಗಳ ಎಷ್ಟೋ ಜಗಲಿಗಳು ಬೀಗ ಹಾಕಿದ ಬಾಗಿಲುಗಳ ಮುಂದಿವೆ. ರಜೆಗೆ ಹೋದಾಗ ನಮ್ಮ ಮಕ್ಕಳಿಗೆ ಆ ಊರಿನ ಮಾರ್ಗದರ್ಶಿಗಳು ನಾವೇ. ಅಲ್ಲಿ ಕೆಂಪು ಕೊಡೆ ಎತ್ತಿ ಐದು ಗಂಟೆಯಲ್ಲಿ ತೋರಿಸಿ ಮುಗಿಸದೆ, ನಾಲ್ಕು ದಿನ ನಿಂತು, ಬಾವಿಕಟ್ಟೆಯ ಕಥೆಯನ್ನೂ ಹೇಳಿ, ಪಕ್ಕದ ಮನೆಯವರ ಹೆಸರನ್ನೂ ಕಲಿಸೋಣ ಎಂದು ಕೋರುತ್ತೇವೆ.