/ಡೆವ್/ನಲ್ ಅಳಿಸಿಹೋದರೆ ಏನ್ಮಾಡ್ತೀರಿ?

ನಿಮ್ಮ ಕೈಲಿರೋದು ಆಂಡ್ರಾಯ್ಡ್ ಫೋನಾದ್ರೆ, ಅದರೊಳಗೆ ಓಡ್ತಿರೋದು ಲಿನಕ್ಸ್ ಕರ್ನಲ್. ಫೋನ್ ಆನ್ ಆದ ಮೊದಲ ಕ್ಷಣಗಳಲ್ಲೇ ‘ಇನಿಟ್’ ಅನ್ನೋ ಪ್ರೋಗ್ರಾಂ ಕೆಲವು ವಿಶೇಷ ಫೈಲ್‌ಗಳನ್ನು ಹುಟ್ಟಿಸುತ್ತೆ. ಅದರಲ್ಲೊಂದು /ಡೆವ್/ನಲ್. ಏನು ಬರೆದರೂ ನುಂಗಿಬಿಡುತ್ತೆ, ಓದೋಕೆ ಹೋದ್ರೆ ಏನೂ ಸಿಗಲ್ಲ.

ಇದು ಡೇಟಾ ಇಡೋ ಫೈಲ್ ಅಲ್ಲ, ಬರೀ ಬಾಗಿಲು. ಬಾಗಿಲಿನ ಮೇಲೆ ಎರಡು ನಂಬರ್ ಇರುತ್ತವೆ: ಮೇಜರ್, ಮೈನರ್. ಯಾವ ಡ್ರೈವರ್ ಅಂತ ಮೇಜರ್ ಹೇಳುತ್ತೆ, ಆ ಡ್ರೈವರ್ ನೋಡಿಕೊಳ್ಳೋ ಯಾವ ಸಾಧನ ಅಂತ ಮೈನರ್. ನಲ್‌ದು 1, 3. ಝೀರೋದು 1, 5. ಹೆಸರು ನಮಗೋಸ್ಕರ, ಕರ್ನಲ್ ನೋಡೋದು ನಂಬರ್ ಮಾತ್ರ.

ಈಗ ಸರ್ವರ್‌ಗೆ ಬನ್ನಿ. ರೂಟ್ ಆಗಿ ಓಡುತ್ತಿದ್ದ ಯಾವುದೋ ಸ್ಕ್ರಿಪ್ಟ್ /ಡೆವ್/ನಲ್ ಅನ್ನೇ ಡಿಲೀಟ್ ಮಾಡಿಬಿಡ್ತು ಅಂದ್ಕೊಳ್ಳಿ. ತಮಾಷೆ ಏನಂದ್ರೆ, ತಕ್ಷಣ ಏನೂ ಗೊತ್ತಾಗಲ್ಲ. ರೂಟ್‌ನ ಇನ್ಯಾವುದೋ ಕೆಲಸ ಕಸವನ್ನು ಅಲ್ಲಿಗೆ ಎಸೆಯುತ್ತೆ, ಅದೇ ಹೆಸರಲ್ಲಿ ಒಂದು ಮಾಮೂಲಿ ಫೈಲ್ ಹುಟ್ಟಿಕೊಳ್ಳುತ್ತೆ. ಕಸ ಮಾಯವಾಗೋ ಬದಲು ಶೇಖರವಾಗುತ್ತೆ. ಇವತ್ತಿನ ಲಿನಕ್ಸ್‌ನಲ್ಲಿ /ಡೆವ್ ಇರೋದು ಮೆಮೊರಿಯಲ್ಲಿ, ಹಾಗಾಗಿ ತಿನ್ನೋದೂ ರ‍್ಯಾಮ್ ಅನ್ನೇ. ಮಾಮೂಲಿ ಬಳಕೆದಾರರ ಪ್ರೋಗ್ರಾಂಗಳು ‘ಅನುಮತಿ ಇಲ್ಲ’ ಅಂತ ಗೋಳಿಡೋಕೆ ಶುರು ಮಾಡ್ತವೆ.

ಪತ್ತೆ ಹೇಗೆ? ‘ಎಲ್‌ಎಸ್ -ಎಲ್’ ಕೊಟ್ಟು ಸಾಲಿನ ಮೊದಲ ಅಕ್ಷರ ನೋಡಿ. ‘ಸಿ’ ಇದ್ದರೆ ಕ್ಯಾರೆಕ್ಟರ್ ಡಿವೈಸ್, ಸರಿಯಿದೆ. ಬರೀ ಗೆರೆ ಇದ್ದರೆ ಅದು ಮಾಮೂಲಿ ಫೈಲ್.

ರೀಬೂಟ್ ಮಾಡಿದ್ರೆ ಸರಿಹೋಗುತ್ತೆ. ಆದ್ರೆ ಜನ ಬಳಸ್ತಿರೋ ಸರ್ವರ್ ಅನ್ನು ಮಧ್ಯಾಹ್ನ ಹನ್ನೆರಡಕ್ಕೆ ರೀಬೂಟ್ ಮಾಡೋಕಾಗುತ್ತಾ? ಅಲ್ಲಿ ಕೈಹಿಡಿಯೋದು ‘ಎಂಕೆನಾಡ್’. ರೂಟ್ ಆಗಿ ಹೀಗೆ ಬರೀಬೇಕು: ‘ಎಂಕೆನಾಡ್ -ಎಂ 666 /ಡೆವ್/ನಲ್2 ಸಿ 1 3’. ಆಮೇಲೆ ‘ಎಂವಿ -ಎಫ್’ ಕೊಟ್ಟು ಅದನ್ನು /ಡೆವ್/ನಲ್ ಮೇಲೆ ಕೂರಿಸಿ. ಹಳೇದನ್ನು ಅಳಿಸಿ ನೇರವಾಗಿ ಮಾಡಬಹುದು ಅಂತ ಎಲ್ಲರೂ ಹೇಳ್ತಾರೆ. ನನಗದು ಇಷ್ಟವಿಲ್ಲ, ಅಳಿಸೋದಕ್ಕೂ ಸೃಷ್ಟಿಸೋದಕ್ಕೂ ಮಧ್ಯೆ ಇನ್ನೊಂದು ಪ್ರೋಗ್ರಾಂ ನುಗ್ಗಿ ಮತ್ತೆ ಮಾಮೂಲಿ ಫೈಲ್ ಹುಟ್ಟಿಸಿಬಿಡಬಹುದು. 666 ಮರೆತರಂತೂ ಸಾಮಾನ್ಯವಾಗಿ ರೂಟ್ ಒಬ್ಬನಿಗೇ ಬರೆಯೋ ಹಕ್ಕು ಉಳಿಯುತ್ತೆ, ಗೋಳು ಹಾಗೇ ಇರುತ್ತೆ.

ಇದಕ್ಕೆ ರೂಟ್ ಯಾಕೆ ಬೇಕು? ‘ಬಿ 8 0’ ಅಂದ್ರೆ ಸಾಮಾನ್ಯವಾಗಿ ಸಾಟಾ ಕಂಪ್ಯೂಟರಿನ ಮೊದಲ ಡಿಸ್ಕ್, ಇಡೀ ಡಿಸ್ಕ್. ಆ ನಂಬರಿನ ಬಾಗಿಲನ್ನು ಯಾರು ಬೇಕಾದರೂ ತಮ್ಮ ಫೋಲ್ಡರ್‌ನಲ್ಲಿ, ‘ಮದುವೆ ಫೋಟೋ’ ಅಂತ ಹೆಸರಿಟ್ಟು, ತೆರೆಯೋ ಹಾಗಿದ್ದರೆ? ಎಲ್ಲರ ಫೈಲೂ ಬಯಲು. ಅದಕ್ಕೇ ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಚುಚ್ಚಿದಾಗ ಸಾಮಾನ್ಯವಾಗಿ ‘ನೋಡೆವ್’ ಆಯ್ಕೆಯೊಂದಿಗೇ ಮೌಂಟ್ ಆಗುತ್ತೆ. ಅದರಲ್ಲಿ ಇಂಥ ಬಾಗಿಲು ಯಾರಾದ್ರೂ ಅಡಗಿಸಿಟ್ಟಿದ್ದರೂ ಕರ್ನಲ್ ತೆರೆಯಲ್ಲ.