ಪಾಲುಗಾರಿಕೆಯಲ್ಲಿ ಊರಿನ ಪಾಲೆಷ್ಟು?

(ಬೆಂಗಳೂರಿನ ಮೂಡಲ ಭಾಗದ ಹಳ್ಳಿಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೃಷ್ಣರಾಜಪುರದಿಂದ ಮೂಡಲಿಗಿರುವ ನಮ್ಮ ಹಳ್ಳಿಗಳಲ್ಲಿ ಈಚೆಗೆ ಒಂದು ಮಾತು ಬಹಳವಾಗಿ ಕೇಳಿಬರುತ್ತಿದೆ. ಸರ್ಕಾರದವರು, ಕಂಪನಿಯವರು, ನಾಗರಿಕ ಸಂಘಗಳವರು ಎಲ್ಲರೂ ಕೂಡಿ ಸೀಮೆಯನ್ನು ಮುಂದಕ್ಕೆ ತರಬೇಕು, ಇದಕ್ಕೆ ಪಾಲುದಾರಿಕೆ ಎಂದು ಹೆಸರು ಎನ್ನುತ್ತಾರೆ. ಮಾತು ಒಳ್ಳೆಯದೇ. ಪಾಲು ಎಂಬುದು ನಿಮಗೆ ಹೊಸದೂ ಅಲ್ಲ. ಕುರಿಯನ್ನು ಪಾಲಿಗೆ ಕೊಡುತ್ತೀರಿ, ಹೊಲವನ್ನು ವಾರಕ್ಕೆ ಹಾಕುತ್ತೀರಿ, ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುತ್ತೀರಿ. ಹಾಗೆ ಕೈಹಾಕುವ ಮೊದಲು ಮೂರು ವಿಷಯ ವಿಚಾರಿಸಿಕೊಳ್ಳುತ್ತೀರಿ: ಯಾರು ಏನನ್ನು ಹಾಕಿದರು, ಬಂದದ್ದರಲ್ಲಿ ಯಾರಿಗೆ ಎಷ್ಟು, ಕೆಟ್ಟರೆ ಯಾರ ತಲೆಗೆ. ಈ ಮೂರು ಪ್ರಶ್ನೆಗಳನ್ನೇ ನಮ್ಮ ಸೀಮೆಯಲ್ಲಿ ನಡೆದ ದೊಡ್ಡ ಪಾಲುಗಾರಿಕೆಗಳಿಗೂ ಹಾಕಿ ನೋಡೋಣ ಎಂದು ಬಂದಿದ್ದೇನೆ.

1809ರಲ್ಲಿ ಹಲಸೂರಿನ ಬಳಿ ದಂಡು ಬಂದು ನೆಲೆಯೂರಿತು. ಅಂದಿನಿಂದ ಸುತ್ತಿನ ಹಳ್ಳಿಗಳಿಗೂ ದಂಡಿಗೂ ವ್ಯವಹಾರ ಬೆಳೆಯಿತು. ಕುದುರೆಗೆ ಹುಲ್ಲು, ಸಿಪಾಯಿಗೆ ಹಾಲು, ದೊರೆಗಳ ಅಡಿಗೆಮನೆಗೆ ತರಕಾರಿ. 1933ರಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆ ತೆರೆಯಿತು. ಅಂದವಾದ ಕಟ್ಟಡ, ಇಂದಿಗೂ ನಿಂತಿದೆ. ಬೆಳೆದವನು ರೈತ, ತಿಂದವನು ದಂಡಿನವನು, ಬೆಲೆ ಹೇಳಿದವನು ನಡುವಿನವನು. ಇದು ವ್ಯಾಪಾರವೇ ಹೊರತು ಪಾಲುಗಾರಿಕೆಯಲ್ಲ.

ನಿಜವಾದ ದೊಡ್ಡ ಪಾಲುಗಾರಿಕೆ ಬಂದದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದರೆಂಬ ಉದ್ದಿಮೆದಾರರು ವಿಮಾನದ ಕಾರ್ಖಾನೆ ಕಟ್ಟಲು ಜಾಗ ಹುಡುಕುತ್ತಿದ್ದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರು. ಸಂಸ್ಥಾನವೂ ವಾಲ್‌ಚಂದರೂ ತಲಾ 25 ಲಕ್ಷ ರೂಪಾಯಿ ಹಾಕಿದರು. ಸಂಸ್ಥಾನ ಜಮೀನನ್ನೂ ಕೊಟ್ಟಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮರುವರ್ಷ ಭಾರತ ಸರ್ಕಾರವೂ ಮೂರನೆಯ ಪಾಲುಗಾರನಾಗಿ ಸೇರಿತು. 1942ರಲ್ಲಿ ಯುದ್ಧದ ಕಾರಣದಿಂದ ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಹಣ ಕೊಟ್ಟು ಕೊಂಡುಕೊಂಡಿತು. ಇಲ್ಲಿ ಸ್ವಲ್ಪ ನಿಂತು ನೋಡಿ. ಪಾಲುಗಾರನಾದವನು ಹೊರಗೆ ಹೋಗುವಾಗಲೂ ಅವನ ಪಾಲಿಗೆ ಒಂದು ಬೆಲೆ ಕಟ್ಟಲಾಗುತ್ತದೆ. ಆ ಬಯಲಿನಲ್ಲಿ ರಾಗಿ ಬೆಳೆಯುತ್ತಿದ್ದವನಿಗೆ ಸಿಕ್ಕಿದ್ದರೆ ಜಮೀನಿನ ಪರಿಹಾರ, ಅಷ್ಟೇ. ಕಾರ್ಖಾನೆ ಬೆಳೆದಂತೆಲ್ಲ ಬೆಳೆಯುವ ಪಾಲು ಅವನ ಹೆಸರಿಗೆ ಎಲ್ಲಿಯೂ ಇರಲಿಲ್ಲ.

ಹಾಗೆಂದು ಕಾರ್ಖಾನೆಗಳಿಂದ ಊರಿಗೆ ಒಳ್ಳೆಯದಾಗಲಿಲ್ಲವೆಂದು ನಾನು ಹೇಳುವವನಲ್ಲ. ಅದೇ ವಿಮಾನ ಕಾರ್ಖಾನೆ, 1948ರಲ್ಲಿ ಶುರುವಾದ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ, ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್., ಇವುಗಳಿಂದ ಎಷ್ಟೋ ಮನೆಗಳಲ್ಲಿ ತಿಂಗಳ ಸಂಬಳ ಕಂಡಿತು. ಶಾಲೆ ಬಂತು, ಬಸ್ಸು ಬಂತು, ಕೈಕಸುಬು ಬಂತು. ಆದರೆ ಕೆಲಸವೆಂಬುದು ಒಬ್ಬನ ಆಯುಸ್ಸಿನ ಮಾತು. ಎನ್.ಜಿ.ಇ.ಎಫ್. ಬಾಗಿಲು ಮುಚ್ಚಿದೆ. ಅಪ್ಪನಿಗೆ ಕೆಲಸ ಕೊಟ್ಟ ಕಾರ್ಖಾನೆ ಮಗನಿಗೂ ಕೊಡುತ್ತದೆಂಬ ಕರಾರನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಮುಂದೆ 1994ರಲ್ಲಿ ವೈಟ್‌ಫೀಲ್ಡಿನ ಬಳಿ, ಪಟ್ಟಂದೂರು ಅಗ್ರಹಾರದ ನೆಲದಲ್ಲಿ, ಸಿಂಗಾಪುರದವರೂ ಟಾಟಾ ಸಂಸ್ಥೆಯವರೂ ನಮ್ಮ ಸರ್ಕಾರವೂ ಸೇರಿ ಮಾಹಿತಿ ತಂತ್ರಜ್ಞಾನದ ಪಾರ್ಕು ಎಂಬುದನ್ನು ಕಟ್ಟಲು ಕೂಡಿದರು. ಸಿಂಗಾಪುರದವರಿಗೆ ಶೇಕಡ 40, ಟಾಟಾರವರಿಗೆ ಶೇಕಡ 40, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ರಾಜ್ಯಕ್ಕೆ ಶೇಕಡ 20. ಕೂಡಿಸಿದರೆ ನೂರಾಯಿತು. ಊರಿನ ಪಾಲು ಎಲ್ಲಿ ಎಂದು ಹುಡುಕಿದರೆ ಉಳಿದಿರುವುದು ಸೊನ್ನೆ. ಊರಿನವರ ಕಡೆಯಿಂದ ಕೂತು ಮಾತಾಡುವ ಸಂಘವೊಂದಿದ್ದರೆ ನೂರರಲ್ಲಿ ಒಂದೋ ಎರಡೋ ಕೇಳಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಒಂದೊಂದು ಸರ್ವೆ ನಂಬರಿನವನು ಒಬ್ಬೊಬ್ಬನಾಗಿ ಹೋದರೆ ಸಿಕ್ಕುವುದು ಚೆಕ್ಕು ಮಾತ್ರ.

ಇನ್ನು ನಿಮ್ಮ ಬೆಳೆಗೇ ಸಂಬಂಧಿಸಿದ ಒಂದು ಸಂಗತಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ರೈತರನ್ನು ಬಿಟ್ಟು ಮಾಡಿದರೆಂದು ಹೇಳುವಂತಿಲ್ಲ. ವೈಟ್‌ಫೀಲ್ಡಿನಿಂದ ಹೊಸಕೋಟೆಗೆ ಹೋಗುವ ರಸ್ತೆಯಲ್ಲಿ ಕಣ್ಣಮಂಗಲವಿದೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು 2003ರಲ್ಲಿ ಅಲ್ಲಿ ಸಫಲ್ ಎಂಬ ಹಣ್ಣು ತರಕಾರಿಯ ಹರಾಜು ಮಾರುಕಟ್ಟೆಯನ್ನು ತೆರೆದರು. ಅದು ನಡೆಯಲೆಂದು ರಾಜ್ಯ ಸರ್ಕಾರ ಮಾರುಕಟ್ಟೆ ಕಾಯಿದೆಯನ್ನೇ ತಿದ್ದಿತು. ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳನ್ನು ಕಟ್ಟಿಸಿದರು. ತಂಪು ಕೋಣೆ, ಪ್ಲಾಸ್ಟಿಕ್ ಕ್ರೇಟು, ದರ್ಜೆ ಮಾಡುವ ಏರ್ಪಾಡು, ಎಲ್ಲರ ಕಣ್ಣೆದುರಿಗೆ ನಡೆಯುವ ಹರಾಜು. ಮಂಡಿಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವ ಕಾಲ ಮುಗಿಯಿತೆಂದೇ ಅಂದುಕೊಂಡರು.

ಆದರೂ ಅಂದುಕೊಂಡಷ್ಟು ಮಾಲು ಬರಲಿಲ್ಲ, ಅಂದುಕೊಂಡಷ್ಟು ಖರೀದಿದಾರರೂ ಬರಲಿಲ್ಲ. ಏಕೆ? ದೊಡ್ಡ ವ್ಯಾಪಾರಿಗಳು ಕಲಾಸಿಪಾಳ್ಯವನ್ನು ಬಿಟ್ಟು ಬರಲು ಮನಸ್ಸು ಮಾಡಲಿಲ್ಲ. ಖರೀದಿದಾರರು ಕಡಿಮೆಯಾದರೆ ಹರಾಜಿಗೆ ಬಿಸಿ ಏರುವುದಿಲ್ಲ. ರೈತನ ಕಡೆಯ ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ ಮುಂಗಡ ಕೊಟ್ಟವನು ಮಂಡಿಯವನು. ಟೊಮ್ಯಾಟೊ ಗಿಡ ಹೂಬಿಡುವ ಮೊದಲೇ ಅದರ ಕಾಯಿ ಯಾರ ಮಂಡಿಗೆ ಹೋಗಬೇಕೆಂದು ತೀರ್ಮಾನವಾಗಿರುತ್ತದೆ. ಕಣ್ಣಮಂಗಲದ ಮಾರುಕಟ್ಟೆ ನ್ಯಾಯವಾದ ತೂಕ ಕೊಡಬಲ್ಲದು. ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದರೆ ಸಾಲ ಕೊಡಲಾರದು. ಮಂಡಿಯವನನ್ನು ಬೈಯುವುದು ಸುಲಭ. ಅವನು ಮಾಡುವ ಆ ಒಂದು ಉಪಕಾರಕ್ಕೆ ಬದಲಿ ಏರ್ಪಾಡು ಮಾಡದೆ ಕಟ್ಟಿದ ಮಾರುಕಟ್ಟೆ ಎಷ್ಟೇ ಚೆನ್ನಾಗಿದ್ದರೂ ಅರ್ಧ ಬರಿದಾಗಿಯೇ ಇರುತ್ತದೆ.

ಈ ಹರಾಜಿನ ಮಾದರಿ ಹಾಲೆಂಡ್ ದೇಶದ್ದು. ಅಲ್ಲಿ 1887ರಿಂದ ತರಕಾರಿ ಹರಾಜು ನಡೆದುಬಂದಿದೆ. ಆದರೆ ಅಲ್ಲಿ ಹರಾಜುಕಟ್ಟೆಗಳು ಬಹುಮಟ್ಟಿಗೆ ಬೆಳೆಗಾರರ ಸಹಕಾರ ಸಂಘಗಳದೇ ಸ್ವತ್ತಾಗಿ ಬೆಳೆದವು. ನಮ್ಮಲ್ಲಿಗೆ ಕಟ್ಟಡವೂ ಯಂತ್ರವೂ ಬಂದವು; ಒಡೆತನ ಬರಲಿಲ್ಲ.

ಒಡೆತನ ಬಂದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಿಮ್ಮ ಊರಿನ ಹಾಲಿನ ಡೈರಿಯನ್ನೇ ನೋಡಿ. 1974-75ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ರಾಜ್ಯದಲ್ಲಿ ಹೈನಿನ ಯೋಜನೆ ಹೊರಟಿತು. ಅದರಲ್ಲಿಯೂ ಸರ್ಕಾರವಿತ್ತು, ಹೊರಗಿನ ಬಂಡವಾಳವಿತ್ತು, ಪಟ್ಟಣದ ಗಿರಾಕಿಯಿದ್ದನು. ಆದರೆ ಷೇರು ಹಾಲು ಹಾಕುವವರ ಹೆಸರಿನಲ್ಲಿತ್ತು. ಎರಡು ಹಸು ಕಟ್ಟಿದ ಹೆಣ್ಣುಮಗಳೂ ಸಂಘದ ಸದಸ್ಯೆ, ಅವಳದೂ ಒಂದು ಓಟು. ಹಾಲಿನ ದರ ಒಂದು ರೂಪಾಯಿ ಇಳಿದರೆ ಯಾರನ್ನು ಹೋಗಿ ಕೇಳಬೇಕೆಂಬುದು ಅವಳಿಗೆ ಗೊತ್ತು. ಹಾಪ್‌ಕಾಮ್ಸ್ ಕೂಡ ಹಾಗೆ ಹುಟ್ಟಿದ್ದೇ. 1959ರಲ್ಲಿ ತೋಟಗಾರಿಕೆಯ ಡಾ. ಎಂ. ಎಚ್. ಮರಿಗೌಡರ ಪ್ರೋತ್ಸಾಹದಿಂದ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿತು. ಬರಬರುತ್ತ ಎಲ್ಲ ಹಣ್ಣು ತರಕಾರಿಗಳಿಗೂ ಹಬ್ಬಿ ನಗರದ ಬೀದಿಬೀದಿಗೆ ಮಳಿಗೆ ಇಟ್ಟಿತು. ಈ ಸಂಘಗಳಲ್ಲಿ ಹುಳುಕಿಲ್ಲವೆಂದಲ್ಲ. ಚುನಾವಣೆಯ ಜಗಳ, ಪಕ್ಷದ ಜಗಳ, ತಡವಾದ ಪಾವತಿ ಎಲ್ಲವನ್ನೂ ನೀವೇ ಹೇಳುತ್ತೀರಿ. ಆದರೆ ಅವು ನಿಮ್ಮ ಮನೆಯ ಜಗಳಗಳು.

ಕೆರೆಯ ವಿಷಯ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಹೂಳು, ಕೊಳಚೆಗಳಿಂದ ಕೆಟ್ಟುಹೋಗಿತ್ತು. ಅಲ್ಲಿನ ನಿವಾಸಿಗಳು ಆಗಿನ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಕೂತು ನಕ್ಷೆ ಮಾಡಿಸಿದರು. 2010ರ ಆಚೀಚೆ ಕೆಲಸ ನಡೆಯಿತು. ಪಾಲಿಕೆಯ ಹಣ, ನಿವಾಸಿಗಳ ಸಂಘದ ಕಾವಲು, ಹೊರಗಿನ ದಾನಿಗಳ ನೆರವು ಕೂಡಿದವು. ದನಕ್ಕೆ ಹುಲ್ಲು ಕೊಯ್ಯುವವರನ್ನು ಓಡಿಸಲಿಲ್ಲ, ಗಣಪತಿ ಬಿಡಲು ಕಲ್ಯಾಣಿ ಕಟ್ಟಿಸಿದರು. ಇದು ನನಗೆ ಬಹಳ ಮೆಚ್ಚಿಕೆಯಾದ ಅಂಶ. ಆದರೆ ಕೆರೆ ಯಾರ ಸ್ವತ್ತೂ ಅಲ್ಲ, ಸಾರ್ವಜನಿಕರದು ಎಂಬ ಮಾತು ಬಂದಾಗ ಹೈಕೋರ್ಟು 2020ರಲ್ಲಿ ಕೆರೆಗಳ ನಿರ್ವಹಣೆಗೆ ಪಾಲಿಕೆ ಕಂಪನಿಗಳೊಡನೆ ಒಪ್ಪಂದ ಮಾಡಿಕೊಳ್ಳುವುದನ್ನು ತಡೆಯಿತು. ನೆರವು ಬೇರೆ, ಹಕ್ಕು ಬೇರೆ ಎಂಬ ಗೆರೆಯನ್ನು ನಮ್ಮ ಪಂಚಾಯಿತಿಗಳೂ ನೆನಪಿಡಬೇಕು.

ನಗರದ ಕೊಳಚೆ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯೂ ಇಂಥದೇ ಕೊಡುಕೊಳ್ಳುವಿಕೆ. ದಿನಕ್ಕೆ 44 ಕೋಟಿ ಲೀಟರ್ ನೀರಿನ ಲೆಕ್ಕ. 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂದಾಗ ಜನ ಪೂಜೆ ಮಾಡಿದರು. ನೊರೆ ಬಂದಾಗ ಕೋರ್ಟಿಗೆ ಹೋದರು. ಕೆಲಕಾಲ ನಿಂತು ಮತ್ತೆ ಹರಿಯಿತು. ಅಂತರ್ಜಲ ಏರಿದ್ದನ್ನು ಕಂಡವರೂ ಇದ್ದಾರೆ, ಎರಡು ಹಂತದ ಶುದ್ಧಿ ಸಾಲದು, ಮೂರನೆಯ ಹಂತವೂ ಬೇಕು ಎನ್ನುವವರೂ ಇದ್ದಾರೆ. ನೀರು ಪಡೆಯುವ ಊರಿಗೆ ಆ ನೀರಿನ ಪರೀಕ್ಷೆಯ ಫಲವನ್ನು ಕೇಳುವ ಅಧಿಕಾರವಿರಬೇಕಾದದ್ದು ನ್ಯಾಯ. ನೀರು ಕೊಟ್ಟೆವಲ್ಲ ಎಂದರೆ ಸಾಲದು.

ಈಗ ನಿಮ್ಮ ಕೈಯಲ್ಲಿರುವ ಸಾಧನಗಳ ಮಾತಿಗೆ ಬರುತ್ತೇನೆ.

2013ರ ಕಂಪನಿ ಕಾಯಿದೆಯಂತೆ, 500 ಕೋಟಿ ರೂಪಾಯಿ ನಿವ್ವಳ ಆಸ್ತಿಯೋ, 1000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ, ಇವುಗಳಲ್ಲಿ ಯಾವುದಾದರೊಂದು ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ನ್ನು ಸಮಾಜದ ಕೆಲಸಕ್ಕೆ ಖರ್ಚುಮಾಡಬೇಕು. ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯಿದೆಯಲ್ಲಿದೆ. ಬಲವಂತವಿಲ್ಲ, ಆದ್ಯತೆ ಮಾತ್ರ. ಆದ್ದರಿಂದ ಕೇಳದವರಿಗೆ ಸಿಕ್ಕುವುದಿಲ್ಲ. ಕೇಳುವ ರೀತಿಯೂ ಒಂದಿದೆ. ಮುಖಂಡರೊಬ್ಬರು ಹಾರ ಹಿಡಿದುಕೊಂಡು ಹೋಗಿ ಶಾಲೆಗೆ ಬಣ್ಣ ಹೊಡೆಸಿಕೊಡಿ ಎಂದರೆ ಬಣ್ಣ ಹೊಡೆಸಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಗ್ರಾಮಸಭೆಯಲ್ಲಿ ಠರಾವು ಮಾಡಿ, ನಮಗೆ ಬೇಕಾದದ್ದು ತರಕಾರಿ ದರ್ಜೆ ಮಾಡುವ ಕಣವೋ, ತಂಪು ಕೋಣೆಯೋ, ರಾಜಕಾಲುವೆಯ ದುರಸ್ತಿಯೋ ಎಂದು ನೀವೇ ತೀರ್ಮಾನಿಸಿ ಬರೆದುಕೊಡಿ. ಐದು ವರ್ಷ ನಿರ್ವಹಣೆ ಯಾರದೆಂಬುದನ್ನೂ ಅದೇ ಕಾಗದದಲ್ಲಿ ಬರೆಯಿಸಿ. ಬೀಗ ಹಾಕಿದ ಶುದ್ಧ ನೀರಿನ ಘಟಕಗಳನ್ನು ನೀವು ಎಷ್ಟು ಕಂಡಿದ್ದೀರಿ!

ಸಹಕಾರ ಸಂಘದ ಜಗಳ ಬೇಡವೆನ್ನುವವರು ಹತ್ತು ಮಂದಿ ಬೆಳೆಗಾರರು ಸೇರಿ ಉತ್ಪಾದಕರ ಕಂಪನಿಯನ್ನೇ ಮಾಡಿಕೊಳ್ಳಬಹುದು. 2002ರಿಂದ ಅದಕ್ಕೆ ಕಾನೂನಿದೆ. ವೈಟ್‌ಫೀಲ್ಡಿನ ಕ್ಯಾಂಟೀನುಗಳಿಗೆ, ಇಂದಿರಾನಗರದ ಹೋಟೆಲುಗಳಿಗೆ ಪ್ರತಿನಿತ್ಯ ಸೊಪ್ಪು ತರಕಾರಿ ಬೇಕು. ಒಬ್ಬ ರೈತ ಆ ಬಾಗಿಲಿಗೆ ಹೋದರೆ ಕಾವಲುಗಾರನೇ ಹಿಂದಕ್ಕೆ ಕಳಿಸುತ್ತಾನೆ. ರಸೀದಿ ಪುಸ್ತಕವಿರುವ ಕಂಪನಿ ಹೋದರೆ ಒಳಗೆ ಕರೆದು ಮಾತಾಡಿಸುತ್ತಾರೆ. ಮುಂಗಡದ ಪ್ರಶ್ನೆಯನ್ನು ಮಾತ್ರ ಮೊದಲು ಬಗೆಹರಿಸಿಕೊಳ್ಳಿ. ಕಣ್ಣಮಂಗಲದ ಕಥೆಯನ್ನು ಅದಕ್ಕಾಗಿಯೇ ಅಷ್ಟು ಹೇಳಿದೆ.

ಕೊನೆಯದಾಗಿ ಭೂಮಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನ ಉದ್ದಿಮೆಗಳಿಗಾಗಿ 1,777 ಎಕರೆ ತೆಗೆದುಕೊಳ್ಳಹೊರಟಿದ್ದರು. ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಸ್ವಂತ ಇಷ್ಟದಿಂದ ಕೊಡುವವರು ಕೊಡಬಹುದೆಂದಿತು. 1940ರಲ್ಲಿ ಹಳ್ಳಿಯವರನ್ನು ಕೇಳದೆ ನಡೆದದ್ದು, 2025ರಲ್ಲಿ ಕೇಳದೆ ನಡೆಯಲಿಲ್ಲ. ಕೊಡುವುದು ಬಿಡುವುದು ನಿಮ್ಮ ನಿಮ್ಮ ಮನೆಯ ಕಷ್ಟಸುಖಕ್ಕೆ ಸೇರಿದ್ದು; ಅದರಲ್ಲಿ ನಾನು ಬುದ್ಧಿ ಹೇಳಲಾರೆ.

ಕಾನೂನಿನ ಒಂದು ಸೂಕ್ಷ್ಮವನ್ನು ಮಾತ್ರ ತಿಳಿದಿರಿ. 2013ರ ಕೇಂದ್ರದ ಭೂಸ್ವಾಧೀನ ಕಾಯಿದೆಯಲ್ಲಿ ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆಯ ಯೋಜನೆಗೆ ಶೇಕಡ 70 ಕುಟುಂಬಗಳ ಒಪ್ಪಿಗೆ, ಬರಿಯ ಖಾಸಗಿ ಕಂಪನಿಗಾದರೆ ಶೇಕಡ 80ರ ಒಪ್ಪಿಗೆ ಬೇಕೆಂದಿದೆ. ಆದರೆ ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವಾಗ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಬಳಸುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯನ್ನು. ಅದರಲ್ಲಿ ಈ ಒಪ್ಪಿಗೆಯ ಷರತ್ತಿಲ್ಲ. ಅದರಂತೆ ನೋಟೀಸು ನಿಮ್ಮ ಕೈಸೇರಿದ ದಿನದಿಂದ ಆಕ್ಷೇಪಣೆ ಸಲ್ಲಿಸಲು 30 ದಿನಗಳ ಅವಕಾಶವಿದೆ. ಕವರನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ಮರೆಯಬೇಡಿ. ಸರ್ವೆ ನಂಬರು, ವಿಸ್ತೀರ್ಣ, ಬಾವಿ, ಬೋರು, ಮರಗಳ ಲೆಕ್ಕ, ಮನೆಮಂದಿಯ ವಿವರ ಎಲ್ಲವನ್ನೂ ಬರೆದು, ಊರಿನವರೆಲ್ಲ ಒಂದೇ ದಿನ ಹೋಗಿ ಕೊಟ್ಟು, ಪ್ರತಿಯೊಬ್ಬರೂ ಮೊಹರು ಬಿದ್ದ ಸ್ವೀಕೃತಿಯನ್ನು ಕೇಳಿ ಪಡೆದುಕೊಳ್ಳಿ.