ನಮ್ಮ ಪುರಸಭೆ, ನಮ್ಮ ಹೊಳೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಶಾಲೆಯ ಬಗ್ಗೆ ಹೇಳಬೇಕಾದ್ದನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಊರಿನ ವಿಷಯ, ಅದರಲ್ಲೂ ನಮ್ಮ ವೃಷಭಾವತಿಯ ವಿಷಯ ಹೇಳುತ್ತೇನೆ. ಹೆಸರು ಕೇಳಿದ ಕೂಡಲೇ ಮೂಗು ಮುಚ್ಚಿಕೊಳ್ಳಬೇಡಿ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಹಳೆಯ ಪಾಲಿಕೆಯ ಜೊತೆಗೆ ಏಳು ನಗರಸಭೆ, 110 ಹಳ್ಳಿ, ಮತ್ತು ಒಂದೇ ಒಂದು ಪುರಸಭೆ ಸೇರಿದವು. ಆ ಪುರಸಭೆ ನಮ್ಮ ಕೆಂಗೇರಿ. ಯಲಹಂಕ, ದಾಸರಹಳ್ಳಿ ಎಲ್ಲ ಆಗಲೇ ನಗರಸಭೆ, ನಾವಿನ್ನೂ ಪುರಸಭೆ. ಇಲ್ಲಿ ಕೂತಿರುವ ಮಕ್ಕಳಿಗೆ ಆ ಮಾತೇ ಹೊಸದು.

ಈ ಊರು ಇಲ್ಲೇ ಯಾಕಿದೆ? ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಕಾವೇರಿಗೆ. ದೊಡ್ಡ ಬಸವನ ಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ನಂಬಿಕೆ, ಅದಕ್ಕೇ ವೃಷಭಾವತಿ. ರಾಜಾಜಿನಗರ, ವಿಜಯನಗರದ ಮಳೆಯೂ ಈ ಕಣಿವೆಗೇ ಇಳಿಯಬೇಕು. ಅಲ್ಲಿಂದ ನಾಯಂಡಹಳ್ಳಿ, ಕೆಂಗೇರಿ, ಮುಂದೆ ಬೈರಮಂಗಲ ಕೆರೆ, ಕನಕಪುರದ ಕಡೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಹೊಳೆ ಬೆಟ್ಟಗುಡ್ಡಗಳ ನಡುವೆ ಇಳಿಜಾರು ಮಾಡಿಕೊಟ್ಟಿದ್ದರಿಂದಲೇ ಮೈಸೂರು ರಸ್ತೆ ಇಲ್ಲಿ ಬಂತು. 1880ರ ದಶಕದಲ್ಲಿ ರೈಲೂ ಈ ಕಡೆಯೇ ಬಂತು. ರೈಲಿಗೆ ಕಡಿದಾದ ಏರು ಆಗದು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೂಡ ಇದೇ ದಾರಿ ಹಿಡಿಯಿತು. ಜ್ಞಾನಭಾರತಿ ದಾಟಿದ ಮೇಲೆ ಕಿಟಕಿಯಿಂದ ಕೆಳಗೆ ನೋಡಿ. ಕಪ್ಪಗೆ ನೊರೆ ಕಾರುತ್ತಾ ಹೋಗುವುದು ಮೋರಿಯಲ್ಲ, ನಮ್ಮ ಹೊಳೆ.

ಅದು ಹಾಗೇಕಾಯಿತು ಅಂದರೆ ಬರೀ ಕಸ ಹಾಕಿದ್ದರಿಂದಲ್ಲ. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಅಂದರೆ ಅದು ನಮ್ಮ ಶಾಲೆಗಿಂತ ಒಂದು ವರ್ಷಕ್ಕೆ ದೊಡ್ಡದು. ಆಗ ದಿನಕ್ಕೆ 13.5 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತ ಒಂದೇ 77.5 ಕೋಟಿ ಲೀಟರ್. ನೂರು ಕಿಲೋಮೀಟರ್ ದೂರದಿಂದ, ಮೂರು ಕಡೆ ಪಂಪು ಹಾಕಿ, ಸುಮಾರು ಐನೂರು ಮೀಟರ್ ಮೇಲೆತ್ತಿ ತರುತ್ತಾರೆ. ತರುವ ಲೆಕ್ಕ ಎಲ್ಲರಿಗೂ ಗೊತ್ತು. ಪಾತ್ರೆ ತೊಳೆದು, ಸ್ನಾನ ಮಾಡಿ ಚೆಲ್ಲಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಕೇಳುವವರು ಕಡಿಮೆ. ಪಶ್ಚಿಮ ಬೆಂಗಳೂರಿನದು ನಮ್ಮೂರಿನ ಮೇಲೆಯೇ ಹಾದು, ವಾಪಸ್ಸು ಕಾವೇರಿಗೇ ಹೋಗುತ್ತದೆ. ಶುದ್ಧೀಕರಣ ಘಟಕಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಅವುಗಳ ಒಳಗೆ ಹೋಗದ ನೀರೂ, ಕಾರ್ಖಾನೆಗಳ ನೀರೂ ಸೇರಿ ಹರಿಯುತ್ತಿವೆ. ಬೈರಮಂಗಲದ ರೈತರು ಆ ನೀರಿನಲ್ಲೇ ಹುಲ್ಲು, ತರಕಾರಿ ಬೆಳೆದಿದ್ದಾರೆ. ಆ ತರಕಾರಿ ಯಾರ ಊಟಕ್ಕೆ ಬರುತ್ತದೆ, ನೀವೇ ಯೋಚಿಸಿ.

ಪುರಸಭೆ ಇದಕ್ಕೆ ಏನು ಮಾಡಬಹುದಿತ್ತು? ಬೀದಿದೀಪ, ನಲ್ಲಿ, ಖಾತೆ, ಚರಂಡಿ ಅದರ ಕೈಯಲ್ಲಿದ್ದವು. ಮೇಲಿನ ಮಹಾನಗರದಿಂದ ಇಳಿದು ಬರುವ ಕೊಳಚೆಗೆ ಅದು ಯಾವ ನೋಟಿಸು ಕೊಡಬೇಕಿತ್ತು? ಅದಕ್ಕೇ 2007ರಲ್ಲಿ ಕೆಲವರು ಬೇಸರಪಟ್ಟರೂ ನನಗೆ ಒಂದು ಆಸೆ ಹುಟ್ಟಿತು. ಚೆಲ್ಲುವವರೂ ವಾಸನೆ ಕುಡಿಯುವವರೂ ಒಂದೇ ಪಾಲಿಕೆಯ ಮತದಾರರಾದರಲ್ಲ! ಆಮೇಲೆ ಬಂದದ್ದು ಹೆಚ್ಚಾಗಿ ಕಾಂಕ್ರೀಟ್ ಗೋಡೆ. 2020ರ ಜೂನ್ ಮಳೆಗೆ ಮೈಸೂರು ರಸ್ತೆಯ ಪಕ್ಕದಲ್ಲಿ ಆ ತಡೆಗೋಡೆಯೂ ಕುಸಿಯಿತು. ಗೋಡೆ ನಿಂತಿದ್ದರೂ ನೀರೇನು ತಿಳಿಯಾಗುತ್ತಿರಲಿಲ್ಲ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ. ಹೊಳೆ ಮತ್ತೆ ಗಡಿ ದಾಟಿ ಬರಬೇಕು. ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು ಮತ್ತೆ ಕೇಳಿಬಂದರೆ ಆಶ್ಚರ್ಯವಿಲ್ಲ. ಆಗ ನಮ್ಮ ಕೈಯಲ್ಲಿ ಕಾಗದ ಇರಬೇಕು.

ಅದಕ್ಕೆ ಈ ಸಭೆಯಲ್ಲಿ ಒಂದು ಬೇಡಿಕೆ. ಹೋಬಳಿಯ ಗ್ರಾಮನಕ್ಷೆಗಳಲ್ಲಿ ಕೆರೆ, ಹಳ್ಳ, ಕಾಲುವೆ ಎಲ್ಲ ಗುರುತಾಗಿವೆ. ಹಳೆಯ ವಿದ್ಯಾರ್ಥಿಗಳು ಆ ನಕ್ಷೆಗಳನ್ನು ಶಾಲೆಗೆ ತರಿಸಿಕೊಡಲಿ. ಒಂಬತ್ತನೇ ತರಗತಿ ಮಕ್ಕಳು ಮೇಷ್ಟ್ರ ಜೊತೆ ನಡೆದು, ಯಾವುದು ಉಳಿದಿದೆ, ಯಾವುದರ ಮೇಲೆ ಮನೆ ಎದ್ದಿದೆ ಎಂದು ಗುರುತು ಹಾಕಲಿ. ಪ್ರತಿ ಹಳ್ಳಕ್ಕೂ ಒಂದು ಹೆಸರಿತ್ತು. ಅದನ್ನು ಹೇಳಬಲ್ಲ ಅಜ್ಜ ಅಜ್ಜಿಯರು ಇಂದು ಈ ಶಾಮಿಯಾನದ ಕೆಳಗೇ ಕೂತಿದ್ದಾರೆ. ಮೊದಲು ಕೆಂಗೇರಿ ಕೆರೆಯ ಕೋಡಿಯಿಂದ ಹೊಳೆಯವರೆಗೆ ನಡೆಯೋಣ. ಬೇಸಿಗೆ ರಜೆಗೆ ಮುಂಚೆ ಆಗಬೇಕು. ಮಳೆ ಹಿಡಿದರೆ ಮಕ್ಕಳನ್ನು ಆ ಅಂಚಿಗೆ ಕರೆದುಕೊಂಡು ಹೋಗಲಾಗದು. ಬರುವವರು ಊಟಕ್ಕೆ ಏಳುವ ಮುಂಚೆ ಮುಖ್ಯೋಪಾಧ್ಯಾಯರ ಹತ್ತಿರ ಹೆಸರು ಬರೆಸಿ.